ಹಲಗೆ ಸ್ಪೀಕರಿನ ಹದಿನಾರು ಗುಂಡಿ

"ಗುರುಗಳೇ, ಇಪ್ಪತ್ತು ಮಂದಿಯಲ್ಲಿ ಹದಿನೇಳು ಮಂದಿ ಒಂದೇ ಕೊರಳಿನಿಂದ ಹಾಡುತ್ತಾರೆ. ಮೂವರು ಮಾತ್ರ ಕೂಡುವುದಿಲ್ಲ. ಆ ಮೂವರನ್ನು ಮನೆಗೆ ಕಳಿಸಿಬಿಡಲೇ?"

ಕೇಳಿದವನು ಅಡಿವೆಪ್ಪ. ಮಠದಲ್ಲಿ ವಚನ ಹಾಡುವುದನ್ನು ಕಲಿಸುವ ಕೆಲಸ ಅವನದು.

"ಕೂಡುವುದಿಲ್ಲ ಎಂದರೆ ಏನು?" ಎಂದು ಗುರುಗಳು ಕೇಳಿದರು.

"ಎಲ್ಲರೂ ಒಂದು ಸಾಲನ್ನು ಎಳೆದು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. ಈ ಮೂವರು ನಡುವೆ ನಿಲ್ಲುತ್ತಾರೆ. ನಾಲ್ಕು ತಿಂಗಳು ತಿದ್ದಿದೆ. ನಾಯಿಯ ಬಾಲ ನೆಟ್ಟಗಾಗಲಿಲ್ಲ."

"ಬಾಲದ ವಿಷಯ ಆಮೇಲೆ. ಕುಳಿತುಕೋ," ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗವಾಯಿ ಇದ್ದ. ಒಳ್ಳೆಯ ಹಾಡುಗಾರ. ಐವತ್ತೆಂಟನೆಯ ವಯಸ್ಸಿನಲ್ಲಿ ಅವನ ಗಂಟಲಿನಲ್ಲಿ ಗಡ್ಡೆಯಾಯಿತು. ವೈದ್ಯರು ಗಡ್ಡೆ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಹಾಡುವುದಿರಲಿ, ನೀರು ಬೇಕು ಎನ್ನಲಿಕ್ಕೂ ಪಾಟಿಯ ಮೇಲೆ ಬರೆದು ತೋರಿಸಬೇಕಾಯಿತು.

ಬೇರೆ ಯಾರಾದರೂ ಆಗಿದ್ದರೆ ಶಿಷ್ಯರನ್ನು ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇವನು ಹಾಕಿಕೊಳ್ಳಲಿಲ್ಲ. ತಾನು ಹಿಂದೆ ಹಾಡಿದ್ದ ಟೇಪುಗಳು ಒಂದು ಟ್ರಂಕಿನ ತುಂಬ ಇದ್ದವು. ಶಿಷ್ಯರನ್ನು ಎದುರಿಗೆ ಕೂರಿಸಿಕೊಂಡು ಅವನ್ನು ಹಾಕುತ್ತಿದ್ದ. ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಗಮನಿಸಬೇಕಾದ ಕಡೆ ಬೆರಳೆತ್ತುತ್ತಿದ್ದ. ಹಾಗೆ ಕಲಿಸಿದ.

ಆ ಟೇಪುಗಳ ದನಿ ಹೊರಗೆ ಬರುತ್ತಿದ್ದುದು ಎರಡು ಹಲಗೆಗಳಿಂದ. ಓಣಿಯವರು ಅವನ್ನು ಹಲಗೆ ಸ್ಪೀಕರ್ ಎನ್ನುತ್ತಿದ್ದರು. ಆಳೆತ್ತರ, ಒಂದು ಮೊಳ ಅಗಲ, ಎರಡು ಬೆರಳು ದಪ್ಪ. ಮೂವತ್ತೈದು ವರ್ಷದ ಹಿಂದೆ ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಪರದೇಶದ ಇಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ಅವನ್ನು ಗವಾಯಿಗೆ ಕೊಟ್ಟುಹೋಗಿದ್ದ.

ನೀನು ನೋಡಿರಲಿಕ್ಕಿಲ್ಲ, ಅಡಿವೆಪ್ಪ, ಹೇಳುತ್ತೇನೆ ಕೇಳು. ಉಳಿದ ಸ್ಪೀಕರುಗಳ ಹಾಗೆ ಅದಕ್ಕೆ ಪೆಟ್ಟಿಗೆ ಇಲ್ಲ. ಒಂದು ಚೌಕಟ್ಟು. ಅದರಲ್ಲಿ ಅಯಸ್ಕಾಂತದ ಪಟ್ಟಿಗಳನ್ನು ಅಂಟಿಸಿದ, ಮೈತುಂಬ ತೂತಿರುವ ತಗಡು. ತಗಡಿನ ಮುಂದೆ ಬಿಗಿದು ಕಟ್ಟಿದ ಒಂದು ಪ್ಲಾಸ್ಟಿಕ್ ಹಾಳೆ, ಈರುಳ್ಳಿಯ ಒಳಪೊರೆಯಷ್ಟು ತೆಳು. ಹಾಳೆಯ ಮೇಲೆ ಸಣ್ಣ ತಂತಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಸಾಲು ಸಾಲಾಗಿ ಅಂಟಿಸಿರುತ್ತಾರೆ. ತಂತಿಯಲ್ಲಿ ಹಾಡು ಹರಿದರೆ ಇಡೀ ಹಾಳೆ ನಡುಗುತ್ತದೆ. ನಾವು ಕೇಳುವುದು ಆ ನಡುಕವನ್ನು.

ಪೆಟ್ಟಿಗೆಯ ಸ್ಪೀಕರಿನಲ್ಲಿ ಹಾಡು ಕೇಳುತ್ತದೆ. ಆ ಹಲಗೆಯಲ್ಲಿ ಹಾಡುವವನೇ ಕೋಣೆಯಲ್ಲಿ ಕುಳಿತ ಹಾಗಿರುತ್ತದೆ. ಒಂದು ಸ್ವರ ಬಿಟ್ಟು ಇನ್ನೊಂದಕ್ಕೆ ಹೋಗುವ ಮೊದಲು ಅವನು ಉಸಿರು ತೆಗೆದುಕೊಳ್ಳುವುದೂ ಕೇಳುತ್ತದೆ. ಗವಾಯಿಗೆ ಬೇಕಾಗಿದ್ದದ್ದು ಅದೇ. ಸ್ವರ ಕಲಿಸುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎನ್ನುವುದು ಅವನ ಗುರುಮನೆಯ ವಿದ್ಯೆ. ಅದನ್ನು ಅವನು ಬಾಯಿಂದ ಹೇಳಲಾರ. ಪಾಟಿಯ ಮೇಲೆ ಬರೆದು ತೋರಿಸುವಂಥದ್ದೂ ಅಲ್ಲ. ಹೇಳುತ್ತಿದ್ದವು ಆ ಎರಡು ಹಲಗೆ ಮಾತ್ರ.

ಒಂದು ಬೇಸಗೆಯಲ್ಲಿ ಹಲಗೆಗಳು ಗರಗರ ಎನ್ನತೊಡಗಿದವು. ಅಂಟು ಒಣಗಿ ಪುಡಿಯಾಗಿತ್ತು. ತಂತಿ ಹಾಳೆಯನ್ನು ಬಿಟ್ಟು ಎದ್ದಿತ್ತು. ಗವಾಯಿ ರೇಡಿಯೋ ಅಂಗಡಿಯವನನ್ನು ಕರೆಸಿದ. ಅಂಗಡಿಯವನು ನಿಂತಲ್ಲಿಂದಲೇ ನೋಡಿ ಹೇಳಿದ:

"ಇದನ್ನ ಮಾಡಿದ ಕಾರ್ಖಾನಿನ ಈಗಿಲ್ಲರೀ. ಗುಜರಿಗೆ ಹಾಕ್ರಿ. ಹೊಸಾ ಪೆಟಗಿ ಸ್ಪೀಕರ್ ತರಿಸಿ ಕೊಡ್ತೀನಿ."

ಅಂದು ಗವಾಯಿ ಊಟಕ್ಕೆ ಏಳಲಿಲ್ಲ. ಮರುದಿನ ಶಿಷ್ಯರು ಬಂದಾಗ ಪಾಟಿಯ ಮೇಲೆ 'ಪಾಠ ಇಲ್ಲ' ಎಂದು ಬರೆದು ಹೊಸ್ತಿಲ ಮೇಲೆ ಇಟ್ಟಿದ್ದ.

ಹಿಂದಿನ ಓಣಿಯಲ್ಲಿ ಒಬ್ಬ ನೇಕಾರ ಇದ್ದ. ಮಗ್ಗದ ಮೇಲೆ ಕುಳಿತು ದಿನವೂ ಗವಾಯಿಯ ಟೇಪು ಕೇಳುತ್ತಿದ್ದವನು. ದನಿ ನಿಂತದ್ದು ಅವನಿಗೆ ಗೊತ್ತಾಯಿತು. ಬಂದ. ಹಲಗೆಗೆ ಹೊದಿಸಿದ್ದ ಬಟ್ಟೆಯ ಒಂದು ಮೂಲೆ ಬಿಚ್ಚಿ ಒಳಗೆ ಇಣುಕಿದ. ತಂತಿಯ ಸಾಲು ಕಂಡು ಅವನ ಮುಖ ಅರಳಿತು.

"ಗವಾಯಿಗಳ್ರೀ, ಇದು ಹಾಸು ಐತಲ್ರೀ!" ಎಂದ. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟುವ ನೂಲಿಗೆ ನೇಕಾರರು ಹಾಸು ಎನ್ನುತ್ತಾರೆ. "ಎಳಿ ಎದ್ದಾವ, ಅಷ್ಟ. ಕೂಡ್ರಿಸಿದ್ರ ಆತು."

ಆ ಮನುಷ್ಯ ಮಾಡಿದ ಕೆಲಸ ನೆನೆದರೆ ನನಗೆ ಈಗಲೂ ಕೈಮುಗಿಯಬೇಕು ಎನ್ನಿಸುತ್ತದೆ. ಹಲಗೆಗಳನ್ನು ಮನೆಗೆ ಹೊತ್ತುಕೊಂಡು ಹೋದ. ಮಗ್ಗದ ಪಕ್ಕದಲ್ಲಿ ಬೆಂಚಿನ ಮೇಲೆ ಮಲಗಿಸಿದ. ಬಟ್ಟೆಗೆ ಹೊಡೆದಿದ್ದ ನಾಲ್ಕು ನೂರು ಪಿನ್ನುಗಳನ್ನು ಒಂದೊಂದಾಗಿ ಕಿತ್ತ. ಮಗ್ಗ ನಿಂತಿತು. ಹೆಂಡತಿ ಎರಡು ದಿನ ಗೊಣಗಿದಳು. ಮೂರನೆಯ ದಿನ ತಾನೇ ಬಂದು ಪಿನ್ನು ಕೀಳಲು ಕುಳಿತಳು.

ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಳೆಯ ಅಂಟನ್ನು ಒರೆಸಿದ. ಹಾಳೆ ಹರಿಯಬಾರದು, ತಂತಿ ಮಡಚಬಾರದು. ದಿನಕ್ಕೆ ಒಂದು ಗೇಣು ಆದರೆ ಹೆಚ್ಚು. ಎರಡು ಕಡೆ ತಂತಿ ತಿಂದುಹೋಗಿ ತುಂಡಾಗಿತ್ತು. ಹರಿದ ಎಳೆ ಕೂಡಿಸುವುದನ್ನು ನೇಕಾರನಿಗೆ ಯಾರು ಕಲಿಸಬೇಕು? ಕೂಡಿಸಿದ. ಹೊಸ ಅಂಟನ್ನು, ಹಾಸಿನ ನೂಲಿಗೆ ಗಂಜಿ ಸವರುವ ಕುಂಚದಿಂದಲೇ, ಒಂದೇ ದಿಕ್ಕಿಗೆ ಸವರಿದ. ಗಂಜಿ ದಪ್ಪವಾದರೆ ನೂಲು ಬಿರುಸಾಗುತ್ತದೆ. ತೆಳುವಾದರೆ ಎಳೆ ಏಳುತ್ತದೆ. ಆ ಹದ ಅವನ ಕೈಯಲ್ಲಿ ಮೊದಲೇ ಇತ್ತು.

ಅಷ್ಟಕ್ಕೇ ಬಿಡಲಿಲ್ಲ. ಹಳೆಯ ಚೌಕಟ್ಟು ಮರದ ಹೊಟ್ಟನ್ನು ಒತ್ತಿ ಮಾಡಿದ್ದು, ಅಲುಗುತ್ತಿತ್ತು. ಅಜ್ಜನ ಕಾಲದ ಮಗ್ಗದ ಸಾಗವಾನಿ ತೊಲೆ ಹಿತ್ತಿಲಲ್ಲಿ ಬಿದ್ದಿತ್ತು. ಅದನ್ನು ಸೀಳಿಸಿ ಹೊಸ ಚೌಕಟ್ಟು ಕಟ್ಟಿಸಿದ. ಒಳಗಿನ ಕೆಪಾಸಿಟರುಗಳು ಸತ್ವ ಕಳೆದುಕೊಂಡಿದ್ದವು. ಪೇಟೆಯಿಂದ ಒಳ್ಳೆಯವನ್ನು ತಂದು ಹಾಕಿದ. ಅಂಥ ಹಲಗೆ ಮುಂದಕ್ಕೆ ಹಾಡಿದಷ್ಟೇ ಹಿಂದಕ್ಕೂ ಹಾಡುತ್ತದೆ. ಗವಾಯಿ ಅದನ್ನು ಗೋಡೆಗೆ ಒರಗಿಸಿ ಇಡುತ್ತಿದ್ದ. ನೇಕಾರ ಅದಕ್ಕೆ ಕಾಲು ಮಾಡಿಸಿ, ಗೋಡೆಯಿಂದ ಮೂರು ಮೊಳ ದೂರ ನಿಲ್ಲುವ ಹಾಗೆ ಮಾಡಿದ. ಇದನ್ನೆಲ್ಲ ಅವನಿಗೆ ಹೇಳಿಕೊಟ್ಟವರು ಯಾರೂ ಇಲ್ಲ. ನೋಡಿ, ಮುಟ್ಟಿ, ಯೋಚಿಸಿ ತಿಳಿದುಕೊಂಡ.

ತಪ್ಪು ಮಾಡಿದ್ದು ಒಂದೇ. ಅದು ನೇಕಾರ ಮಾತ್ರ ಮಾಡಬಲ್ಲ ತಪ್ಪು.

ಹಾಳೆಯನ್ನು ಅಲ್ಲಲ್ಲಿ ತಗಡಿಗೆ ಹಿಡಿದು ನಿಲ್ಲಿಸಲು ಗುಂಡಿಗಳಿದ್ದವು. ಅಂಗಿಯ ಗುಂಡಿಯಷ್ಟು ಚಿಕ್ಕವು. ಒಂದೊಂದು ಹಲಗೆಗೆ ಹದಿನಾರು. ಹಾಳೆಯಲ್ಲಿ ತೂತು ಮಾಡಿ ಸಿಕ್ಕಿಸಿದ್ದರು. ಅವುಗಳ ನಡುವಿನ ಅಂತರ ಒಂದೇ ಸಮ ಇರಲಿಲ್ಲ. ಇಲ್ಲಿ ನಾಲ್ಕು ಬೆರಳು, ಅಲ್ಲಿ ಏಳು, ಇನ್ನೊಂದು ಕಡೆ ಐದೂವರೆ. ನೇಕಾರನಿಗೆ ಅದನ್ನು ನೋಡಿ ಸಹಿಸಲಾಗಲಿಲ್ಲ. ಎಳೆ ಎಳೆಯ ನಡುವಿನ ಜಾಗ ಒಂದೇ ಸಮ ಇಡುವುದು ಅವನ ಮನೆತನದ ಧರ್ಮ. ಕಾರ್ಖಾನೆಯವರು ಅವಸರದಲ್ಲಿ ಹಾಕಿದ್ದಾರೆ, ಪಾಪ, ಎಂದುಕೊಂಡ.

ಹಾಳೆಯ ಅಂಚಿನಲ್ಲಿ ಹೆಚ್ಚಾಗಿ ಉಳಿದಿದ್ದ ಚೂರುಗಳನ್ನು ಕತ್ತರಿಸಿ ಹಳೆಯ ತೂತುಗಳಿಗೆ ತೇಪೆ ಹಾಕಿದ. ಎಂಥ ತೇಪೆ ಎಂದರೆ ಬಿಸಿಲಿಗೆ ಹಿಡಿದರೂ ಗುರುತು ಸಿಗದು. ಆಮೇಲೆ ದಾರ ಹಿಡಿದು ಅಳೆದು ಐದೈದು ಬೆರಳಿಗೆ ಒಂದರಂತೆ ಎಲ್ಲ ಗುಂಡಿಗಳನ್ನೂ ಹೊಸದಾಗಿ ಸಿಕ್ಕಿಸಿದ. ನೋಡಲು ಬಹಳ ಚೆಂದವಾಯಿತು.

ಎರಡು ತಿಂಗಳ ಮೇಲೆ ಹಲಗೆಗಳು ಗವಾಯಿಯ ಮನೆಗೆ ಬಂದವು. ಟೇಪು ಹಾಕಿದರು. ಗರಗರ ಇಲ್ಲ. ದನಿ ತುಂಬಿಕೊಂಡು ಬಂತು. ಓಣಿಯವರೆಲ್ಲ ಕೂಡಿದರು. ರೇಡಿಯೋ ಅಂಗಡಿಯವನೂ ಬಂದು ಮೂಗಿನ ಮೇಲೆ ಬೆರಳಿಟ್ಟ. ಗವಾಯಿ ನೇಕಾರನನ್ನು ಅಪ್ಪಿಕೊಂಡು, ತನಗೆ ಯಾವುದೋ ಸಭೆಯಲ್ಲಿ ಹೊದಿಸಿದ್ದ ಶಾಲನ್ನು ಅವನಿಗೆ ಹೊದಿಸಿದ.

ಕತೆ ಇಲ್ಲಿಗೆ ಮುಗಿಯಿತು ಎಂದು ನೀನು ಆಗಲೇ ತಲೆಯಾಡಿಸುತ್ತಿದ್ದೀಯೆ. ಇನ್ನೂ ಸ್ವಲ್ಪ ಕುಳಿತಿರು.

ಮಳೆಗಾಲ ಕಳೆಯಿತು. ಒಂದು ಮುಂಜಾನೆ ನೇಕಾರ ನೂಲು ತರಲು ಹೊರಟವನು ಗವಾಯಿಯ ಮನೆಯ ಮುಂದೆ ನಿಂತ. ಒಳಗೆ ಆ ಮಳೆಗಾಲದಲ್ಲಿ ಹೊಸದಾಗಿ ಸೇರಿದ್ದ ಒಬ್ಬ ಶಿಷ್ಯೆ ಹಾಡುತ್ತಿದ್ದಳು. ಚೆನ್ನಾಗಿಯೇ ಹಾಡುತ್ತಿದ್ದಳು. ಆದರೆ ಕೆಳಗಿನ ಪಂಚಮಕ್ಕೆ ಇಳಿದಾಗ ಆ ಸ್ವರವನ್ನು ಗುಂಯ್ ಎಂದು ಎಳೆದು, ಎಳೆದದ್ದು ನಿಲ್ಲುವ ಮೊದಲೇ ಮುಂದಿನ ಸ್ವರಕ್ಕೆ ಜಾರಿದಳು. ಆಗ ಗವಾಯಿಯ ತಾಳದ ಕೈ ಗಾಳಿಯಲ್ಲಿ ನಿಂತುಬಿಟ್ಟಿತು. ಮತ್ತೆ ಇಳಿಯಿತು. ಎರಡನೆಯ ಸಲವೂ ಹಾಗೇ ಆಯಿತು.

ನೇಕಾರ ಆ ಟೇಪನ್ನು ಇಪ್ಪತ್ತು ವರ್ಷ ಕೇಳಿದವನು. ಆ ಜಾಗದಲ್ಲಿ ಗವಾಯಿ ಒಂದು ಉಸಿರು ತೆಗೆದುಕೊಳ್ಳುತ್ತಾನೆ. ಅಲ್ಲಿ ಅವನ ಮಗ್ಗದ ಲಾಳಿಯೂ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿತ್ತು. ಹಲಗೆ ಮರಳಿದ ಮೇಲೂ ಅವನ ಕಿವಿ ಆ ಉಸಿರನ್ನು ನೆನಪಿನಿಂದಲೇ ತುಂಬಿಕೊಂಡಿತ್ತು. ಅವನು ಒಳಗೆ ಬಂದು ಕೇಳಿದ:

"ತಂಗಿ, ಆ ಜಾಗಾದಾಗ ಉಸರ ಯಾಕ ತಗೊಳ್ಳಲಿಲ್ಲ?"

"ಟೇಪಿನ್ಯಾಗ ಇಲ್ಲಲ್ರೀ ಕಾಕಾ. ಅದರಾಗ ಹೆಂಗ ಐತೋ ಹಂಗ ಕಲ್ತೀನಿ."

ನೇಕಾರ ಟೇಪು ಹಾಕಿಸಿದ. ಹಲಗೆಯ ಹಿಂದೆ ನಿಂತು ತಗಡಿನ ಮೇಲೆ ಅಂಗೈ ಇಟ್ಟ. ಕೆಳಗಿನ ಪಂಚಮ ಬಂದಾಗ ಮೇಲಿನಿಂದ ಕೆಳಗಿನವರೆಗೆ ಎಲ್ಲ ಕಡೆಯೂ ಒಂದೇ ನಡುಕ. ಇಡೀ ಹಲಗೆ ಒಟ್ಟಿಗೆ ಗುಂಯ್‌ಗುಟ್ಟಿತು. ಆ ಗುಂಗು ಇಳಿಯುವ ಮೊದಲೇ ಮುಂದಿನ ಸ್ವರ ಬಂತು. ನಡುವಿನ ಉಸಿರು ಅದರಲ್ಲಿ ಮುಳುಗಿಹೋಯಿತು.

ಅವನಿಗೆ ಆಗ ತಿಳಿಯಿತು. ಆ ಗುಂಡಿಗಳು ಹಾಳೆಯನ್ನು ಪಾಲು ಮಾಡುತ್ತಿದ್ದವು. ಪಾಲು ಚಿಕ್ಕದಾದರೆ ಒಂದು ಸ್ವರಕ್ಕೆ ಹೆಚ್ಚು ನಡುಗುತ್ತದೆ, ದೊಡ್ಡದಾದರೆ ಇನ್ನೊಂದಕ್ಕೆ. ಯಾವ ಒಂದು ಸ್ವರವೂ ಉಳಿದವನ್ನು ತುಳಿಯಬಾರದೆಂದು ಮಾಡಿದವನು ಬೇಕೆಂದೇ ಹೆಚ್ಚುಕಡಿಮೆ ಇಟ್ಟಿದ್ದ. ಇವನು ಎಲ್ಲ ಪಾಲನ್ನೂ ಒಂದೇ ಅಳತೆ ಮಾಡಿದ. ಈಗ ಎಲ್ಲವೂ ಒಂದೇ ಸ್ವರಕ್ಕೆ ಒಟ್ಟಿಗೆ ಕೂಗುತ್ತಿದ್ದವು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನೂ ಅನ್ನಬಹುದಿತ್ತು. ಟೇಪು ಹಳೆಯದಾಯಿತು ಎನ್ನಬಹುದಿತ್ತು. ಹುಡುಗಿಯ ಕಿವಿ ಸರಿಯಿಲ್ಲ ಎಂದಿದ್ದರೆ ಶಾಲು ಹೊದ್ದವನ ಮಾತನ್ನು ಊರು ನಂಬುತ್ತಿತ್ತು. ಅವನು ಗವಾಯಿಯ ಮುಂದೆ ಕುಳಿತು ಹೇಳಿದ:

"ಈಕಿದು ತಪ್ಪಲ್ಲರೀ. ನನ್ನ ಕೈ ತಪ್ಪು ಈಕಿ ಕೊರಳಿಗೆ ಹೋಗೇತಿ. ನಿಮಗ ಮೊದಲ ಗೊತ್ತಿತ್ತಲ್ಲ?"

ಗವಾಯಿ ಪಾಟಿ ತೆಗೆದುಕೊಂಡು ಬರೆದ: 'ಮೊದಲ ದಿನವೇ ಗೊತ್ತಾಯಿತು. ನಿನ್ನ ಎರಡು ತಿಂಗಳ ದುಡಿಮೆ ನೋಡಿ ಬರೆಯಲು ಕೈ ಬರಲಿಲ್ಲ.'

ನೇಕಾರನಿಗೆ ದುಃಖ ಉಕ್ಕಿ ಬಂತು. ಹಲಗೆಗಳನ್ನು ಮತ್ತೆ ಒಯ್ಯುತ್ತೇನೆ ಎಂದ.

ಓಣಿಯವರು ಬೇಡ ಎಂದರು. ರೇಡಿಯೋ ಅಂಗಡಿಯವನು ಓಡಿಬಂದು, ನಡೆಯುತ್ತಿರುವುದನ್ನು ಕೆದಕಬೇಡ, ಈ ಸಲ ಹಾಳೆ ಹರಿದರೆ ಮುಗಿಯಿತು ಎಂದ. ಅವನು ಹೇಳಿದ್ದು ಸುಳ್ಳಲ್ಲ. ಅಂಥ ಹಾಳೆ ಎಲ್ಲಿಯೂ ಸಿಗುವಂತಿರಲಿಲ್ಲ. ಕತ್ತರಿ ಕೂದಲೆಳೆಯಷ್ಟು ಜಾರಿದರೂ ಗವಾಯಿಯ ದನಿ ಎರಡನೆಯ ಸಲ ಹೋಗುತ್ತಿತ್ತು. ನೇಕಾರ ಗವಾಯಿಯ ಮುಖ ನೋಡಿದ. ಗವಾಯಿ ಪಾಟಿಯನ್ನು ಕೆಳಗಿಟ್ಟು ಎದ್ದ. ಒಂದು ಹಲಗೆಯ ತುದಿಯನ್ನು ತಾನೇ ಎತ್ತಿದ. ಇನ್ನೊಂದು ತುದಿಯನ್ನು ನೇಕಾರ ಹಿಡಿದ.

ಮನೆಗೆ ಹೋಗಿ ಹಲಗೆಯ ಬಟ್ಟೆ ಬಿಚ್ಚಿದ ಮೇಲೆ ಅವನಿಗೆ ಇನ್ನೊಂದು ಕಷ್ಟ ಕಂಡಿತು. ಹಳೆಯ ಗುಂಡಿಗಳು ಎಲ್ಲಿದ್ದವು ಎಂದು ಅವನು ಅಳೆದಿಟ್ಟಿರಲಿಲ್ಲ. ತಪ್ಪು ಎಂದುಕೊಂಡದ್ದನ್ನು ಯಾರು ಅಳೆದಿಡುತ್ತಾರೆ? ತೇಪೆ ಹಾಕಿದ ಜಾಗ ಹುಡುಕೋಣವೆಂದರೆ ಅವನೇ ಹಾಕಿದ ತೇಪೆ ಅವನಿಗೇ ಕಾಣಲಿಲ್ಲ. ತನ್ನ ಕೈಚಳಕಕ್ಕೆ ತಾನೇ ಬೈದುಕೊಂಡ.

ಮೂರು ದಿನ ಕಣ್ಣಿನಿಂದ ಹುಡುಕಿದ. ನಾಲ್ಕನೆಯ ದಿನ ಕಣ್ಣು ಮುಚ್ಚಿದ. ಹಾಸಿನಲ್ಲಿ ಗಂಟು ಹುಡುಕುವ ಹಾಗೆ ಬೆರಳಿನ ತುದಿಯನ್ನು ಹಾಳೆಯ ಮೇಲೆ ಮೆಲ್ಲಗೆ ಆಡಿಸಿದ. ಮಧ್ಯಾಹ್ನದ ಹೊತ್ತಿಗೆ ಮೊದಲನೆಯ ತೇಪೆಯ ಅಂಚು ಸಿಕ್ಕಿತು. ಸಂಜೆಗೆ ಇನ್ನೊಂದು. ಸಿಕ್ಕಿದ ಕಡೆ ಉಸಿರು ಹಿಡಿದು ತೇಪೆಯನ್ನು ಬಿಡಿಸಿ, ಗುಂಡಿಯನ್ನು ಅದರ ಹಳೆಯ ತೂತಿಗೆ ಮರಳಿ ಸಿಕ್ಕಿಸಿದ.

ತಾನು ಹೊಸದಾಗಿ ಕೊರೆದಿದ್ದ ತೂತುಗಳಿಗೆ ಈಗ ತೇಪೆ ಬೇಕಾಯಿತು. ಈ ಸಲ ಎದ್ದು ಕಾಣುವ ಹಾಗೆ ಹಾಕಿದ. ಹಳೆಯ ಜಾಗಕ್ಕೆ ಮರಳಿದ ಪ್ರತಿಯೊಂದು ಗುಂಡಿಯ ಸುತ್ತಲೂ ಶಾಯಿಯಿಂದ ಒಂದು ಸುತ್ತು ಬರೆದ. ಮುಂದೆ ಇದನ್ನು ಬಿಚ್ಚುವವನು ಮೋಸ ಹೋಗಬಾರದು ಎಂದು ಹೆಂಡತಿಗೆ ಹೇಳಿದನಂತೆ. ತನ್ನ ತಪ್ಪನ್ನು ಅಳಿಸುವವರನ್ನು ನಾನು ಬಹಳ ಕಂಡಿದ್ದೇನೆ. ಮುಂದಿನವನಿಗಾಗಿ ಅದನ್ನು ಎದ್ದು ಕಾಣುವ ಹಾಗೆ ಇಟ್ಟವರಲ್ಲಿ ನಾನು ಕೇಳಿದ್ದು ಇವನೊಬ್ಬನ ಬಗ್ಗೆ ಮಾತ್ರ.

ಮೂವತ್ತೊಂದು ಸಿಕ್ಕವು. ಒಂದು ಸಿಗಲಿಲ್ಲ. ಎರಡನೆಯ ಹಲಗೆಯಲ್ಲಿ ಎಷ್ಟು ಹುಡುಕಿದರೂ ಬೆರಳಿಗೆ ತಾಗಲಿಲ್ಲ. ಗವಾಯಿಗೆ ಹೇಳಿ ಕಳಿಸಿದ. ಗವಾಯಿ ಟೇಪನ್ನೂ ಅದನ್ನು ಹಾಕುವ ಯಂತ್ರವನ್ನೂ ಹಿಡಿದುಕೊಂಡು ಬಂದ. ಹಲಗೆಯನ್ನು ನಿಲ್ಲಿಸಿ ಆ ಸ್ವರ ಹಾಕಿದರು. ಇನ್ನೂ ಒಂದು ಕಡೆ ಗುಂಯ್ ಎನ್ನುತ್ತಿತ್ತು. ಗವಾಯಿ ಕಣ್ಣು ಮುಚ್ಚಿ, ಹಾಳೆಗೆ ತಾಗದ ಹಾಗೆ ಅಂಗೈ ಹಿಡಿದು ಮೇಲಿನಿಂದ ಕೆಳಗೆ ತಂದ. ಒಂದು ಜಾಗದಲ್ಲಿ ನಿಲ್ಲಿಸಿದ. ನೇಕಾರ ಅಲ್ಲಿ ಬೆರಳಿಟ್ಟ. ಗುಂಯ್ ನಿಂತಿತು. ಬೆರಳಿನ ಕೆಳಗೆ ತೇಪೆಯ ಅಂಚು ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮಕ್ಕಳ ಹಾಗೆ ನಕ್ಕರು. ಗವಾಯಿಯ ನಗುವಿಗೆ ದನಿ ಇರಲಿಲ್ಲ, ಅಷ್ಟೇ.

ಮರುದಿನ ಗವಾಯಿಯ ಮನೆಯಲ್ಲಿ ಹಲಗೆಗಳನ್ನು ನಿಲ್ಲಿಸಿ ಟೇಪು ಹಾಕಿದರು. ಶಿಷ್ಯೆ ಎದುರಿಗೆ ಕುಳಿತಿದ್ದಳು. ಕೆಳಗಿನ ಪಂಚಮ ಬಂತು, ಮುಗಿಯಿತು. ಆಮೇಲೆ ಕೋಣೆಯಲ್ಲಿ ಒಬ್ಬ ಮನುಷ್ಯ ಉಸಿರು ತೆಗೆದುಕೊಂಡದ್ದು ಕೇಳಿಸಿತು. ಅವಳಿಗೆ ಯಾರೂ ಏನೂ ಹೇಳಲಿಲ್ಲ. ತನ್ನ ಸರದಿ ಬಂದಾಗ ಅವಳು ಆ ಜಾಗದಲ್ಲಿ ನಿಂತು, ಉಸಿರು ತೆಗೆದುಕೊಂಡು, ಮುಂದೆ ಹೋದಳು. ಗವಾಯಿಯ ತಾಳ ನಿಲ್ಲಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಅಡಿವೆಪ್ಪನ ಕಣ್ಣು ತೇವವಾಗಿತ್ತು. "ತಿಳಿಯಿತು, ಗುರುಗಳೇ," ಎಂದ. "ಆ ಮೂವರನ್ನು ಕಳಿಸುವುದಿಲ್ಲ. ಆ ನೇಕಾರನಷ್ಟೇ ತಾಳ್ಮೆಯಿಂದ ಕುಳಿತು ಅವರನ್ನು ತಿದ್ದುತ್ತೇನೆ."

ಗುರುಗಳು ಅವನನ್ನು ನೋಡಿ ನಕ್ಕರು. ಆಮೇಲೆ ನಗು ಬಿಟ್ಟು ಕೇಳಿದರು:

"ಆ ಮೂವರು ಉಸಿರು ತೆಗೆದುಕೊಳ್ಳುತ್ತಿದ್ದಾರೆ, ಅಡಿವೆಪ್ಪ, ಉಳಿದ ಹದಿನೇಳು ಮಂದಿ ಉಸಿರಿಲ್ಲದೆ ಹಾಡುವುದನ್ನು ಕಲಿತದ್ದು ಯಾರಿಂದ?"